ಕೈಗುಣವೂ ನಾಲ್ಕು ಬಟ್ಟಲು ಹಾಲೂ

ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಓಡಾಡುತ್ತಿರುವ ಮಾತೊಂದಿದೆ: ಕೈಗುಣ. ಹಾಲು ಅದೇ, ಹೆಪ್ಪು ಅದೇ, ಪಾತ್ರೆಯೂ ಅದೇ. ಅತ್ತೆ ಹೆಪ್ಪು ಹಾಕಿದರೆ ಮೊಸರು ಕತ್ತರಿಸಿ ತೆಗೆಯುವಷ್ಟು ಗಟ್ಟಿ, ಸೊಸೆ ಹಾಕಿದರೆ ನೀರುನೀರು. 'ಅವರ ಕೈಗುಣ ಹಾಗೆ' ಎಂದು ಯಾರೋ ಹೇಳುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಉಪ್ಪಿನಕಾಯಿಗೆ ಬೂಷ್ಟು ಬಂದರೆ, ಇಡ್ಲಿ ಹಿಟ್ಟು ಉಬ್ಬದೆ ಹೋದರೆ, ನೆಟ್ಟ ಸಸಿ ಒಣಗಿದರೆ, ಕೊನೆಗೆ ವೈದ್ಯರು ಕೊಟ್ಟ ಔಷಧ ನಾಟಿದರೂ ನಾಟದಿದ್ದರೂ ಅದಕ್ಕೆಲ್ಲ ಕೈಗುಣವೇ ಕಾರಣ.

ಕೈಗುಣವೆಂಬುದು ಸುಳ್ಳಲ್ಲ. ಒಬ್ಬರ ಕೈಯಲ್ಲಿ ಚೆನ್ನಾಗಿ ಆಗುವ ಕೆಲಸ ಇನ್ನೊಬ್ಬರ ಕೈಯಲ್ಲಿ ಕೆಡುವುದನ್ನು ನಾವೆಲ್ಲ ಕಂಡಿದ್ದೇವೆ. ತೊಂದರೆ ಇರುವುದು ಆ ಪದ ಮಾಡುವ ಕೆಲಸದಲ್ಲಿ. ಅದು ಹೊಗಳುತ್ತದೆ, ಆದರೆ ವಿವರಿಸುವುದಿಲ್ಲ. 'ಯಾಕೆ ಹೀಗೆ?' ಎಂಬ ಪ್ರಶ್ನೆ ಬಾಯಿಗೆ ಬರುವ ಹೊತ್ತಿಗೆ ಬಾಗಿಲು ಹಾಕಿಬಿಡುತ್ತದೆ. ಆ ಬಾಗಿಲನ್ನು ಮತ್ತೆ ತೆರೆಯುವ ಸರಳ ಉಪಾಯಕ್ಕೆ ಪ್ರಯೋಗ ಎಂದು ಹೆಸರು. ಅದಕ್ಕೆ ಗಾಜಿನ ನಳಿಕೆಗಳು ಬೇಕಿಲ್ಲ, ಬಿಳಿ ಕೋಟೂ ಬೇಕಿಲ್ಲ. ಹಾಲು ಹೆಪ್ಪು ಹಾಕುವುದು, ಆರತಿ ನೀರು ಕದಡುವುದು, ಮಡಕೆಗೆ ನೀರು ತುಂಬುವುದು, ಪಾತ್ರೆ ಬೆಳಗುವುದು ಇಂಥ ದಿನನಿತ್ಯದ ಕೆಲಸಗಳೇ ಸಾಕು. ಕೆಲಸ ಪ್ರಯೋಗವಾಗಲು ಬೇಕಾದ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಉಳಿದದ್ದೆಲ್ಲ ಇದ್ದಂತೆಯೇ ಇರಬೇಕು. ಕಂಡದ್ದನ್ನು ಕಂಡ ಹಾಗೆ ಬರೆದಿಡಬೇಕು.

ಮೊದಲು ಮೊಸರು

ಒಂದೇ ಅಳತೆಯ ನಾಲ್ಕು ಸ್ಟೀಲ್ ಬಟ್ಟಲುಗಳನ್ನು ತೆಗೆದುಕೊಳ್ಳಿ. ಒಂದೇ ಪಾತ್ರೆಯಲ್ಲಿ ಕಾಯಿಸಿದ ಹಾಲು ಎಲ್ಲಕ್ಕೂ ಇರಲಿ. ಒಂದು ಬಟ್ಟಲಿಗೆ ಕುದಿಯುವ ಹಾಲನ್ನೇ ಅರ್ಧ ಲೋಟ ಸುರಿದು ಕೂಡಲೇ ಒಂದು ಚಮಚ ಮೊಸರು ಹಾಕಿ. ಉಳಿದ ಹಾಲು ಉಗುರುಬೆಚ್ಚಗಾದ ಮೇಲೆ ಮೂರು ಬಟ್ಟಲಿಗೂ ಅರ್ಧರ್ಧ ಲೋಟ ಹಾಕಿ, ಅದೇ ಮೊಸರಿನಿಂದ ಒಂದೊಂದು ಚಮಚ ಬೆರೆಸಿ. ಈ ಮೂರರಲ್ಲಿ ಮೊದಲನೆಯದು ಫ್ರಿಜ್ಜಿಗೆ, ಎರಡನೆಯದು ಅಡುಗೆಮನೆಯ ಶೆಲ್ಫಿಗೆ. ಮೂರನೆಯದನ್ನು ದಪ್ಪ ಟವೆಲಿನಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಇಡಿ. ಕುದಿಹಾಲಿನ ಬಟ್ಟಲನ್ನು ಎರಡನೆಯದರ ಪಕ್ಕದಲ್ಲೇ ಶೆಲ್ಫಿನ ಮೇಲಿಡಿ. ನಾಲ್ಕು ಗಂಟೆಯ ನಂತರ ಒಮ್ಮೆ, ಎಂಟು ಗಂಟೆಯ ನಂತರ ಇನ್ನೊಮ್ಮೆ ಬಟ್ಟಲನ್ನು ಮೆಲ್ಲಗೆ ಓರೆ ಮಾಡಿ ನೋಡಿ.

ಟವೆಲು ಸುತ್ತಿದ್ದು ಮೊದಲು ಹೆಪ್ಪುಗಟ್ಟುತ್ತದೆ. ಶೆಲ್ಫಿನಲ್ಲಿದ್ದದ್ದು ಅದರ ಹಿಂದೆ ಬರುತ್ತದೆ, ಚಳಿಗಾಲವಾದರೆ ಬಹಳ ಹಿಂದೆ. ಫ್ರಿಜ್ಜಿನದು ಬೆಳಗಾದರೂ ಹೆಚ್ಚುಕಡಿಮೆ ಹಾಲೇ. ಕುದಿಹಾಲಿಗೆ ಹೆಪ್ಪು ಬಿದ್ದದ್ದು ಸರಿಯಾಗಿ ಮೊಸರಾಗುವುದಿಲ್ಲ. ಮೊದಲ ಮೂರು ಬಟ್ಟಲುಗಳ ನಡುವೆ ಬದಲಾದದ್ದು ಇಟ್ಟ ಜಾಗ ಮಾತ್ರ. ಶೆಲ್ಫಿನ ಮೇಲಿದ್ದ ಎರಡರ ನಡುವೆ ಬದಲಾದದ್ದು ಹೆಪ್ಪು ಬೀಳುವಾಗ ಹಾಲಿಗಿದ್ದ ಬಿಸಿ ಮಾತ್ರ. ಕೈ ನಾಲ್ಕಕ್ಕೂ ಒಂದೇ ಆಗಿತ್ತು ಎಂಬುದನ್ನು ಗಮನಿಸಿ.

ಹಾಲನ್ನು ಮೊಸರು ಮಾಡುವುದು ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು. ಅವು ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಬಿಡುತ್ತವೆ. ಹುಳಿ ಏರಿದಂತೆ ಹಾಲಿನ ಕೇಸೀನ್ ಎಂಬ ಪ್ರೋಟೀನು ಒಂದಕ್ಕೊಂದು ಅಂಟಿ, ಬಲೆ ನೇಯ್ದಂತಾಗಿ, ನೀರನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ನಾವು ಗಟ್ಟಿ ಮೊಸರು ಎನ್ನುವುದು ಈ ಬಲೆಯನ್ನೇ. ಆ ಜೀವಿಗಳಿಗೆ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಹಿತ. ತಣ್ಣಗಿದ್ದರೆ ಅವು ಸುಮ್ಮನಿರುತ್ತವೆ, ಕುದಿಯುವ ಹಾಲಿಗೆ ಬಿದ್ದರೆ ಸಾಯುತ್ತವೆ. ಹಾಲು ಹುಳಿಯಾಗುವುದು ಸೂಕ್ಷ್ಮಜೀವಿಗಳ ಕೆಲಸವೆಂದು ಫ್ರಾನ್ಸಿನ ಲೂಯಿ ಪಾಶ್ಚರ್ ವಾದಿಸಿದ್ದು 1857ರಲ್ಲಿ. ಮೊಸರಿನಲ್ಲಿರುವ ಒಂದು ಮುಖ್ಯ ಬ್ಯಾಕ್ಟೀರಿಯಾವನ್ನು ಬಲ್ಗೇರಿಯದ ಸ್ಟಾಮೆನ್ ಗ್ರಿಗೊರೊವ್ ಗುರುತಿಸಿದ್ದು 1905ರಲ್ಲಿ. ನಮ್ಮ ಅಜ್ಜಿಯರಿಗೆ ಈ ಇಬ್ಬರ ಹೆಸರೂ ಗೊತ್ತಿರಲಿಲ್ಲ. ಆದರೆ ಹಾಲು ಎಷ್ಟು ಬಿಸಿಯಿರಬೇಕೆಂದು ಗೊತ್ತಿತ್ತು. ಅದಕ್ಕೆ ಅವರು ಕೊಟ್ಟ ಹೆಸರೇ 'ಉಗುರುಬೆಚ್ಚಗೆ'. ಉಷ್ಣಮಾಪಕವಿಲ್ಲದ ಕಾಲದಲ್ಲಿ ಬೆರಳ ತುದಿಯನ್ನೇ ಮಾಪಕ ಮಾಡಿಕೊಂಡ ಪದ ಅದು. ನಮ್ಮ ಮೈಯ ಬಿಸಿ ಸುಮಾರು 37 ಡಿಗ್ರಿ. ಬೆರಳಿಗೆ ಹಿತವಾಗಿ ಬೆಚ್ಚಗೆನಿಸುವ ಹಾಲು ಅದಕ್ಕಿಂತ ತುಸು ಮೇಲಿರುತ್ತದೆ. ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಅಷ್ಟೇ.

ಹಾಗಾದರೆ ಅತ್ತೆಯ ಕೈಗುಣವೆಂದರೆ ಇಷ್ಟು: ಅವರು ಬೆರಳು ಅದ್ದಿ ನೋಡುತ್ತಾರೆ, ಅವಸರ ಮಾಡುವುದಿಲ್ಲ, ಪಾತ್ರೆಯನ್ನು ಬೆಚ್ಚಗಿನ ಮೂಲೆಯಲ್ಲಿಟ್ಟು ಅಲುಗಾಡಿಸದೆ ಬಿಡುತ್ತಾರೆ. ಇದು ಕಲಿಯಬಹುದಾದ, ಕಲಿಸಬಹುದಾದ ಗುಣ. ಹುಟ್ಟಿನಿಂದ ಬರುವ ವರವಲ್ಲ. ಸೊಸೆಗೆ ಇಷ್ಟು ಗೊತ್ತಾದರೆ ಮನೆಯಲ್ಲಿ ಒಂದು ಜಗಳವಾದರೂ ಕಡಿಮೆಯಾದೀತು. 'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಯನ್ನು ನಾವು ದುಡಿಮೆಗೆ ಮಾತ್ರ ಹೊಂದಿಸುತ್ತೇವೆ. ಅರಿವಿಗೂ ಅದು ಹೊಂದುತ್ತದೆ.

ಇನ್ನೊಂದು ಮಾತು. ಹೆಪ್ಪು ಇಲ್ಲದಾಗ ಹಸಿಮೆಣಸಿನಕಾಯಿಯ ತೊಟ್ಟನ್ನು ಹಾಲಿಗೆ ಹಾಕಿ ಮೊಸರು ಮಾಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ಅದನ್ನು ಪರೀಕ್ಷಿಸಬೇಕಾದರೆ ತೊಟ್ಟು ಹಾಕಿದ ಬಟ್ಟಲೊಂದಿದ್ದರೆ ಸಾಲದು. ಏನನ್ನೂ ಹಾಕದ ಇನ್ನೊಂದು ಬಟ್ಟಲು ಅದರ ಪಕ್ಕದಲ್ಲೇ ಇರಬೇಕು. ಗಾಳಿಯಿಂದಲೋ ಪಾತ್ರೆಯಿಂದಲೋ ಬಂದ ಜೀವಿಗಳಿಂದ ಹಾಲು ತಾನಾಗಿಯೇ ಒಡೆದರೆ, ಆ ಕೀರ್ತಿ ಮೆಣಸಿನಕಾಯಿಗೆ ಸಲ್ಲಬಾರದಲ್ಲ! ಈ ಖಾಲಿ ಬಟ್ಟಲನ್ನು ಹೋಲಿಕೆಯ ಬಟ್ಟಲು ಎನ್ನೋಣ. ಪ್ರಯೋಗದ ಜೀವ ಇರುವುದು ಅದರಲ್ಲೇ. ಮುಂದೆ ಅದರ ಕೆಲಸ ಇನ್ನೂ ದೊಡ್ಡದಾಗುತ್ತದೆ. (ಪರೀಕ್ಷೆಗಿಟ್ಟ ಈ ಹಾಲುಗಳನ್ನು ಕುಡಿಯಬೇಡಿ.)

ಆರತಿ ತಟ್ಟೆಯ ರಸಾಯನ

ಅಡುಗೆಮನೆಯಿಂದ ಹೊಸ್ತಿಲಿಗೆ ಬರೋಣ. ಮದುಮಕ್ಕಳು ಮನೆಗೆ ಬಂದಾಗ, ಬಾಣಂತಿ ಮಗುವಿನೊಂದಿಗೆ ಬಂದಾಗ ಕೆಂಪು ನೀರಿನ ಆರತಿ ಎತ್ತುತ್ತೇವೆ. ಆ ನೀರಿಗೆ ಯಾರೂ ಕೆಂಪು ಬಣ್ಣ ಹಾಕಿರುವುದಿಲ್ಲ. ಹಾಕಿದ್ದು ಹಳದಿ ಅರಿಶಿನ, ಬಿಳಿ ಸುಣ್ಣ. ಹಳದಿಯೂ ಬಿಳಿಯೂ ಸೇರಿ ಕೆಂಪಾಗುವುದನ್ನು ಎಷ್ಟು ಸಲ ನೋಡಿದರೂ ಮಕ್ಕಳಿಗೆ ಅಚ್ಚರಿ. ದೊಡ್ಡವರಿಗೆ ರೂಢಿಯಾಗಿ ಅಚ್ಚರಿ ಹೋಗಿಬಿಟ್ಟಿದೆ.

ಆ ಕೆಂಪು ನೀರನ್ನು ಎರಡು ಲೋಟಗಳಿಗೆ ಹಂಚಿ. ಒಂದಕ್ಕೆ ನಿಂಬೆರಸವನ್ನು ಹನಿಹನಿಯಾಗಿ ಬಿಡಿ, ಇನ್ನೊಂದು ಹೋಲಿಕೆಗೆ ಹಾಗೆಯೇ ಇರಲಿ. ನಿಂಬೆ ಬಿದ್ದ ನೀರು ಮತ್ತೆ ಹಳದಿಯಾಗುತ್ತದೆ. ಈಗ ಅದಕ್ಕೆ ಇನ್ನಷ್ಟು ಸುಣ್ಣ ಹಾಕಿ. ಮತ್ತೆ ಕೆಂಪು. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಎಂಬ ವಸ್ತು ಹುಳಿಯಲ್ಲಿ ಹಳದಿ, ಸುಣ್ಣದಂಥ ಕ್ಷಾರದಲ್ಲಿ ಕೆಂಪು. ಬಿಳಿ ಪಂಚೆಗೆ ಬಿದ್ದ ಸಾರಿನ ಕಲೆ ಸೋಪು ಹಚ್ಚಿದೊಡನೆ ಕೆಂಪಾಗುವುದೂ, ಜಾಲಾಡಿದ ಮೇಲೆ ಮತ್ತೆ ಹಳದಿಗೆ ತಿರುಗುವುದೂ ಇದೇ ಕಾರಣಕ್ಕೆ. ಆ ಪಂಚೆಯನ್ನು ಬಿಸಿಲಿಗೆ ಹಾಕಿದರೆ ಕಲೆ ಮಾಯವಾಗುವುದು ಬೇರೆಯೇ ಕಾರಣಕ್ಕೆ. ಕರ್ಕ್ಯುಮಿನ್ ಬೆಳಕನ್ನು ತಾಳಲಾರದು, ಒಡೆದುಹೋಗುತ್ತದೆ.

ಸಸ್ಯದ ಬಣ್ಣದಿಂದ ಹುಳಿ ಮತ್ತು ಕ್ಷಾರವನ್ನು ಗುರುತಿಸುವ ಉಪಾಯವನ್ನು ಇಂಗ್ಲೆಂಡಿನಲ್ಲಿದ್ದ ರಾಬರ್ಟ್ ಬಾಯ್ಲ್ 1664ರಲ್ಲಿ ಬಣ್ಣಗಳ ಕುರಿತ ಪುಸ್ತಕವೊಂದರಲ್ಲಿ ವಿವರಿಸಿದ. ಅವನು ಬಳಸಿದ್ದರಲ್ಲಿ ವಯೊಲೆಟ್ ಹೂವಿನ ಪಾಕವೂ ಒಂದು. ಆ ಹೂವು ನಮ್ಮ ಹಿತ್ತಲಲ್ಲಿ ಸಿಗದಿದ್ದರೆ ಚಿಂತೆಯಿಲ್ಲ, ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿದರೆ ಆಯಿತು. ಅರಿಶಿನದಿಂದ ಬಣ್ಣದ ವಸ್ತುವನ್ನು ಬೇರ್ಪಡಿಸಿದ್ದು 1815ರಲ್ಲಿ, ಫೋಗಲ್ ಮತ್ತು ಪೆಲ್ಟಿಯೆ ಎಂಬ ಇಬ್ಬರು. ಅದರ ಅಣುರಚನೆ ತಿಳಿದದ್ದು 1910ರಲ್ಲಿ.

ಇಲ್ಲಿಗೆ ನಿಲ್ಲಿಸಿದರೆ ಒಂದು ಸೊಗಸಾದ ತೊಡಕು ತಪ್ಪಿಹೋಗುತ್ತದೆ. ಹಲವು ಮನೆಗಳಲ್ಲಿ ಕುಂಕುಮವನ್ನೂ ಅರಿಶಿನದಿಂದಲೇ ಮಾಡುತ್ತಿದ್ದರು. ಅರಿಶಿನದ ಕೊಂಬಿಗೆ ನಿಂಬೆರಸ, ಬಿಳಿಗಾರ, ಪಟಿಕ ಸೇರಿಸಿ, ನೆನೆಸಿ, ಒಣಗಿಸಿ ಕುಟ್ಟಿದರೆ ಕುಂಕುಮ. ಅಲ್ಲಾ, ನಿಂಬೆರಸ ಬಿದ್ದರೆ ಆರತಿಯ ಕೆಂಪು ಹಳದಿಯಾಗುತ್ತದೆ ಎಂದು ಈಗತಾನೇ ಕಂಡೆವಲ್ಲ. ಹಾಗಿದ್ದರೆ ನಿಂಬೆರಸದಲ್ಲೇ ನೆನೆದ ಕುಂಕುಮ ಹೇಗೆ ಕೆಂಪಾಗಿ ಉಳಿಯಿತು?

ಕಾರಣ, ಎರಡೂ ಕೆಂಪು ಬೇರೆಬೇರೆ. ಆರತಿಯ ಕೆಂಪು ಕ್ಷಾರ ಇರುವವರೆಗೆ ಮಾತ್ರ ಇರುವ ಕೆಂಪು. ಕುಂಕುಮದ ಕೆಂಪು ಬಿಳಿಗಾರದಿಂದ ಬಂದದ್ದು. ಬಿಳಿಗಾರದಲ್ಲಿ ಬೋರಾನ್ ಎಂಬ ಮೂಲವಸ್ತು ಇದೆ. ಹುಳಿಯ ಸಹಾಯದಿಂದ ಅದು ಕರ್ಕ್ಯುಮಿನ್‌ಗೆ ಗಂಟುಬಿದ್ದು, ಒಣಗುತ್ತ ಬಂದಂತೆ ಹೊಸದೊಂದು ಕೆಂಪು ಸಂಯುಕ್ತವಾಗುತ್ತದೆ. ಅದಕ್ಕೆ ಹುಳಿ ಶತ್ರುವಲ್ಲ, ಸಾಥಿ. ಒಂದು ವಸ್ತುವಿನಲ್ಲಿ ಬೋರಾನ್ ಇದೆಯೇ ಎಂದು ತಿಳಿಯಲು ರಸಾಯನಶಾಸ್ತ್ರಜ್ಞರು ಅರಿಶಿನ ಬಳಿದ ಕಾಗದವನ್ನು ಬಳಸುತ್ತಿದ್ದದ್ದು ಇದೇ ಗುಣವನ್ನು ನಂಬಿ. ಅಂದರೆ ಕುಂಕುಮ ಕುಟ್ಟುತ್ತಿದ್ದ ಕೈಗಳು ಪ್ರಯೋಗಶಾಲೆಯ ಪರೀಕ್ಷೆಯೊಂದನ್ನು ಹೆಸರಿಲ್ಲದೆಯೇ ಮಾಡುತ್ತಿದ್ದವು. ಮನೆಯಲ್ಲಿ ಮಾಡಿದ ಕುಂಕುಮ ಸಿಕ್ಕರೆ ಚಿಟಿಕೆಯಷ್ಟಕ್ಕೆ ನಿಂಬೆರಸ ಬಿಟ್ಟು ನೋಡಿ. ಅಂಗಡಿಯ ಕುಂಕುಮದಲ್ಲಿ ಕೃತಕ ಬಣ್ಣ ಸೇರಿರಬಹುದು, ಅದರಿಂದ ಉತ್ತರ ಸರಿಯಾಗಿ ಸಿಗದು.

ಮಡಕೆ ಎಲ್ಲ ಊರಿನಲ್ಲೂ ಒಂದೇ ಅಲ್ಲ

ಮೊಸರು, ಆರತಿ ಎರಡರಲ್ಲೂ ಬದಲಿಸಿದ್ದು ನಾವು. ಮೂರನೆಯ ಉದಾಹರಣೆಯಲ್ಲಿ ಬದಲಾವಣೆಯನ್ನು ಊರೇ ಮಾಡಿಕೊಡುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಅಂಥದೇ ಮಡಕೆಯನ್ನು ಮಂಗಳೂರಿಗೆ ಒಯ್ದರೆ ಅಷ್ಟು ತಂಪು ಸಿಗುವುದಿಲ್ಲ. ಕುಂಬಾರನ ಕೈಗುಣವನ್ನು ದೂರುವ ಮೊದಲು ಗಾಳಿಯನ್ನು ವಿಚಾರಿಸಬೇಕು.

ಮಡಕೆಯ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ನೀರು ಅವುಗಳ ಮೂಲಕ ಹೊರಮೈಗೆ ಜಿನುಗಿ ಆವಿಯಾಗುತ್ತದೆ. ಆವಿಯಾಗಲು ಶಾಖ ಬೇಕು. ಅದನ್ನು ಮಡಕೆಯಿಂದಲೂ ಒಳಗಿನ ನೀರಿನಿಂದಲೂ ಕಸಿದುಕೊಳ್ಳುತ್ತದೆ. ಆ ಶಾಖ ಎಷ್ಟು ದೊಡ್ಡದೆಂಬುದು ಒಲೆಯ ಮುಂದೆ ನಿಂತರೆ ತಿಳಿಯುತ್ತದೆ. ಒಂದೇ ಉರಿಯಲ್ಲಿ ಒಂದು ಲೋಟ ನೀರು ಕುದಿಯಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರ ನೋಡಿ ಬರೆದಿಡಿ. ಕುದಿ ಬಂದ ಮೇಲೆ ಆ ನೀರು ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು ಬೇಕೆಂದೂ ನೋಡಿ. (ಪೂರ್ತಿ ಬತ್ತಿಸಿ ಪಾತ್ರೆ ಸೀಯಿಸುವುದು ಬೇಡ.) ಅರ್ಧ ನೀರು ಆವಿಯಾಗುವುದಕ್ಕೇ ಕುದಿಯಲು ಹಿಡಿದದ್ದಕ್ಕಿಂತ ಹಲವು ಪಟ್ಟು ಹೊತ್ತು ಬೇಕಾಗುತ್ತದೆ. ಅಷ್ಟೂ ಹೊತ್ತು ಒಲೆ ಉರಿಯುತ್ತಿದ್ದರೂ ನೀರಿನ ಬಿಸಿ ಮಾತ್ರ ಏರುವುದಿಲ್ಲ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲಿ ಮಾಡಿದ್ದು ಇಂಥದೇ ಲೆಕ್ಕ. ಹೀಗೆ ಕಾಣದೆ ಅಡಗುವ ಶಾಖಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ಗುಪ್ತೋಷ್ಣ ಎಂಬ ಹೆಸರಿದೆ.

ಈಗ ಮಡಕೆಯ ಲೆಕ್ಕ. ನಮ್ಮ ಬೇಸಿಗೆಯ ಬಿಸಿಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಐದು ಲೀಟರ್ ನೀರನ್ನು 10 ಡಿಗ್ರಿ ತಣ್ಣಗೆ ಮಾಡಲು ತೆಗೆಯಬೇಕಾದ ಶಾಖ 50,000 ಕ್ಯಾಲೊರಿ. ಭಾಗಿಸಿದರೆ ಸುಮಾರು 86 ಗ್ರಾಂ ಬರುತ್ತದೆ. ಅರ್ಧ ಲೋಟ ನೀರು ತಾನು ಗಾಳಿಗೆ ಹೋಗುತ್ತ ಇಡೀ ಮಡಕೆಯನ್ನು ತಣಿಸುತ್ತದೆ ಎಂದಾಯಿತು! ಹೊರಗಿನ ಬಿಸಿಯೂ ಮಡಕೆಯೊಳಕ್ಕೆ ನುಸುಳುತ್ತಿರುವುದರಿಂದ ನಿಜವಾಗಿ ಇದಕ್ಕಿಂತ ಹೆಚ್ಚು ನೀರು ಆವಿಯಾಗಬೇಕು. ಕಲಬುರಗಿಯ ಒಣಗಾಳಿ ಆವಿಯನ್ನು ಗಬಗಬನೆ ಕುಡಿಯುತ್ತದೆ. ಮಂಗಳೂರಿನ ಗಾಳಿಯ ಹೊಟ್ಟೆ ಕಡಲ ತೇವದಿಂದ ಮೊದಲೇ ತುಂಬಿರುತ್ತದೆ. ಮಡಕೆಗೆ ಬಣ್ಣ ಬಳಿದರೆ ತಂಪು ಹೋಗುವುದೂ, ಹಳೆಯ ಮಡಕೆ ವರ್ಷ ಕಳೆದಂತೆ ಸೋಲುವುದೂ ರಂಧ್ರಗಳು ಮುಚ್ಚುವುದರಿಂದಲೇ.

ಇದನ್ನು ನೋಡಲು ರೈಲು ಹತ್ತಬೇಕಿಲ್ಲ. ಒಂದೇ ಬಗೆಯ ಮೂರು ಬಾಟಲಿಗಳಲ್ಲಿ ನೀರು ತುಂಬಿ. ಒಂದು ಬರಿಯದಿರಲಿ, ಎರಡಕ್ಕೆ ಒದ್ದೆ ಬಟ್ಟೆ ಸುತ್ತಿ. ಬರಿಯದನ್ನೂ ಒದ್ದೆಯದೊಂದನ್ನೂ ನೆರಳಿನಲ್ಲಿ ಗಾಳಿಯಾಡುವ ಕಡೆ ಇಡಿ. ಉಳಿದದ್ದನ್ನು ಸ್ನಾನವಾದ ಮೇಲೆ ಬಚ್ಚಲುಮನೆಯಲ್ಲಿಟ್ಟು ಬಾಗಿಲು ಹಾಕಿ. ಒಂದು ಗಂಟೆಯ ನಂತರ ಮುಟ್ಟಿ ನೋಡಿದರೆ ಕಲಬುರಗಿ ಯಾವುದು, ಮಂಗಳೂರು ಯಾವುದು ಎಂದು ಕೈಯೇ ಹೇಳುತ್ತದೆ.

ಪಾತ್ರೆ ತೊಳೆಯುತ್ತಿದ್ದ ವಿಜ್ಞಾನಿ

ಇವೆಲ್ಲ ಮಕ್ಕಳಾಟ, ನಿಜವಾದ ವಿಜ್ಞಾನ ಬೇರೆ ಎಂದು ಕೆಲವರಿಗೆ ಅನಿಸಬಹುದು. ಅವರಿಗಾಗಿ ಆಗ್ನೆಸ್ ಪಾಕೆಲ್ಸ್ ಎಂಬ ಜರ್ಮನ್ ಮಹಿಳೆಯ ಕತೆ ಹೇಳಬೇಕು. ಹುಟ್ಟಿದ್ದು 1862ರಲ್ಲಿ, ಬದುಕಿದ್ದು ಬ್ರೌನ್‌ಶ್ವೈಗ್ ಎಂಬ ಊರಿನಲ್ಲಿ. ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದಳು. ಭೌತಶಾಸ್ತ್ರದಲ್ಲಿ ಆಸೆಯಿತ್ತು, ಆದರೆ ಆಗ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಲಿಲ್ಲ. ತಂದೆತಾಯಿಗೆ ಕಾಯಿಲೆ. ಮನೆಗೆಲಸ, ಶುಶ್ರೂಷೆ ಎರಡೂ ಅವಳ ಪಾಲಿಗೆ ಬಂದವು.

ಪಾತ್ರೆ ತೊಳೆಯುವ ನೀರಿನ ಮೇಲೆ ಜಿಡ್ಡು ಹರಡುವುದನ್ನು, ಸೋಪು ತಾಗಿದೊಡನೆ ಅದು ಸರಿಯುವುದನ್ನು ನಾವೂ ದಿನಾ ನೋಡುತ್ತೇವೆ. ಆಕೆ ನೋಡಿ ಸುಮ್ಮನಾಗಲಿಲ್ಲ. ಇಪ್ಪತ್ತರ ಆಸುಪಾಸಿನಲ್ಲಿ, 1882ರ ಹೊತ್ತಿಗೆ, ತಗಡಿನ ಒಂದು ಉದ್ದನೆಯ ತೊಟ್ಟಿ ಮಾಡಿಕೊಂಡಳು. ಅದರಲ್ಲಿ ಅಂಚಿನವರೆಗೆ ನೀರು ತುಂಬಿ, ಮೇಲೆ ಒಂದು ತಗಡಿನ ಪಟ್ಟಿಯನ್ನು ಅಡ್ಡಲಾಗಿ ಇಟ್ಟಳು. ಪಟ್ಟಿ ಸರಿಸಿದರೆ ನೀರಿನ ಮೇಲ್ಮೈ ಹಿಗ್ಗುತ್ತದೆ, ಇಲ್ಲವೇ ಕುಗ್ಗುತ್ತದೆ. ನೀರಿಗೆ ತಾಗಿಸಿದ ಒಂದು ಪುಟ್ಟ ಬಿಲ್ಲೆಯನ್ನು ಮೇಲೆತ್ತಲು ಎಷ್ಟು ಬಲ ಬೇಕೆಂದು ತಕ್ಕಡಿಯಿಂದ ಅಳೆದಳು. ಬದಲಿಸಿದ್ದು ಜಿಡ್ಡು ಹರಡಿಕೊಂಡ ಮೇಲ್ಮೈಯ ವಿಸ್ತಾರ ಒಂದನ್ನೇ. ಅಳೆದದ್ದೂ ಬಲ ಒಂದನ್ನೇ. ಹೀಗೆ ವರ್ಷಗಟ್ಟಲೆ ನಡೆಯಿತು. ತಮ್ಮ ಫ್ರೀಡ್ರಿಷ್ ಭೌತಶಾಸ್ತ್ರ ಓದುತ್ತಿದ್ದ. ಅವನ ಪುಸ್ತಕಗಳೇ ಅವಳ ಕಾಲೇಜು.

1891ರ ಜನವರಿಯಲ್ಲಿ ಆಕೆ ಧೈರ್ಯ ಮಾಡಿ ಇಂಗ್ಲೆಂಡಿನ ಹೆಸರಾಂತ ವಿಜ್ಞಾನಿ ಲಾರ್ಡ್ ರ‍್ಯಾಲೇಗೆ ಜರ್ಮನ್ ಭಾಷೆಯಲ್ಲಿ ಪತ್ರ ಬರೆದಳು. ಅವರೂ ಅದೇ ವಿಷಯದ ಮೇಲೆ ಕೆಲಸ ಮಾಡುತ್ತಿದ್ದರು. ಪತ್ರವನ್ನು ಅವರ ಪತ್ನಿ ಅನುವಾದಿಸಿದರು. ರ‍್ಯಾಲೇ ಅದನ್ನು ತಮ್ಮ ಶಿಫಾರಸಿನೊಡನೆ 'ನೇಚರ್' ಪತ್ರಿಕೆಗೆ ಕಳಿಸಿದರು, ಅದೇ ಮಾರ್ಚಿನಲ್ಲಿ ಅದು ಅಚ್ಚಾಯಿತು. ಮುಂದೆ ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಇಂಥದೇ ತೊಟ್ಟಿಯನ್ನು ಸುಧಾರಿಸಿ ಬಳಸಿದ. ಮೇಲ್ಮೈಗಳ ರಸಾಯನದ ಸಂಶೋಧನೆಗಾಗಿ ಅವನಿಗೆ 1932ರಲ್ಲಿ ನೊಬೆಲ್ ಬಹುಮಾನ ಬಂತು. ಅದೇ ವರ್ಷ ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿಶ್ವವಿದ್ಯಾಲಯ ಎಪ್ಪತ್ತರ ಆಗ್ನೆಸ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಮೂರು ವರ್ಷದ ನಂತರ ಆಕೆ ತೀರಿಕೊಂಡಳು.

ಅವಳ ಪ್ರಯೋಗದ ಒಂದು ತುಣುಕನ್ನು ನೀವೂ ನೋಡಬಹುದು. ತಟ್ಟೆಯಲ್ಲಿ ನೀರು ಹಾಕಿ, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ಸೋಪು ಹಚ್ಚಿದ ಬೆರಳನ್ನು ನಡುವೆ ತಾಗಿಸಿ. ಪುಡಿ ಬೆದರಿದಂತೆ ಅಂಚಿಗೆ ಓಡುತ್ತದೆ. ನೀರಿನ ಮೇಲ್ಮೈ ಬಿಗಿದ ತೊಗಲಿನ ಹಾಗೆ. ಸೋಪು ತಾಗಿದ ಕಡೆ ಬಿಗಿತ ಸಡಿಲವಾಗಿ, ಸುತ್ತಲಿನ ನೀರು ಪುಡಿಯನ್ನು ಅಂಚಿನ ಕಡೆಗೆ ಎಳೆದುಕೊಳ್ಳುತ್ತದೆ. ಸೋಪಿನ ಬದಲು ಅಂಟುವಾಳದ ನೊರೆ, ಸೀಗೆಯ ನೀರು ಹಾಕಿ ಹೋಲಿಸಿ. ಪ್ರತಿ ಸಲವೂ ತಟ್ಟೆ ಚೆನ್ನಾಗಿ ತೊಳೆದಿರಬೇಕು. ಹಿಂದಿನ ಸೋಪು ಎಳ್ಳಷ್ಟು ಉಳಿದರೂ ಪ್ರಯೋಗ ಕೆಡುತ್ತದೆ.

ಬೀಗ ಹಾಕಿದ ಬೀರು

ಇಷ್ಟು ಸುಲಭವಾದದ್ದು ನಮ್ಮ ಶಾಲೆಗಳಲ್ಲಿ ಯಾಕೆ ನಡೆಯುವುದಿಲ್ಲ? ಎಷ್ಟೋ ಶಾಲೆಗಳಲ್ಲಿ ಪ್ರಯೋಗದ ಸಾಮಾನು ಬೀರುವಿನೊಳಗೆ, ಬೀರುವಿಗೆ ಬೀಗ. ಗಾಜು ಒಡೆದರೆ ಲೆಕ್ಕ ಕೊಡುವವರು ಯಾರು ಎಂಬ ಭಯ. ಮಕ್ಕಳು ಉದ್ದೇಶ, ಸಲಕರಣೆ, ವಿಧಾನ, ತೀರ್ಮಾನ ಎಂದು ಅಂದವಾಗಿ ನಕಲು ಮಾಡುತ್ತಾರೆ. ಪ್ರಯೋಗ ಮಾಡುವ ಮೊದಲೇ ತೀರ್ಮಾನ ಬರೆದಾಗಿರುತ್ತದೆ.

ಸಾಮಾನಿಲ್ಲ ಎಂಬ ನೆಪಕ್ಕೆ ಚರಿತ್ರೆಯಲ್ಲಿ ಉತ್ತರವಿದೆ. ಎರಡನೇ ಮಹಾಯುದ್ಧದಲ್ಲಿ ಶಾಲೆಗಳು ನೆಲಸಮವಾದ ದೇಶಗಳ ವಿಜ್ಞಾನ ಶಿಕ್ಷಕರಿಗಾಗಿ ಯುನೆಸ್ಕೊ 1948ರಲ್ಲಿ ಒಂದು ಪುಸ್ತಕ ತಂದಿತು. ಕೈಗೆ ಸಿಕ್ಕ ಡಬ್ಬ, ತಂತಿ, ಬಾಟಲಿಗಳಿಂದ ಉಪಕರಣ ಮಾಡಿಕೊಳ್ಳುವ ಬಗೆ ಅದರಲ್ಲಿತ್ತು. ಅದೇ ಬೆಳೆದು 1956ರಲ್ಲಿ ವಿಜ್ಞಾನ ಶಿಕ್ಷಕರ ಆಕರ ಗ್ರಂಥವಾಗಿ ಲೋಕವೆಲ್ಲ ಸುತ್ತಿತು. ನಮ್ಮಲ್ಲೂ 1972ರಲ್ಲಿ ಮಧ್ಯಪ್ರದೇಶದ ಹೊಶಂಗಾಬಾದ್ ಜಿಲ್ಲೆಯ 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ಒಂದು ಪ್ರಯತ್ನ ಶುರುವಾಯಿತು. ಆ ಜಿಲ್ಲೆಗೆ ಈಗ ನರ್ಮದಾಪುರಂ ಎಂದು ಹೆಸರು. ಅಲ್ಲಿ ಮಕ್ಕಳು ಗುಂಪಾಗಿ ಪ್ರಯೋಗ ಮಾಡಿ, ಕಂಡದ್ದನ್ನು ಬರೆದು, ಚರ್ಚಿಸಿ ಕಲಿಯಬೇಕಿತ್ತು. ಪರೀಕ್ಷೆಗೆ ಪುಸ್ತಕ ಒಯ್ಯಬಹುದಿತ್ತು. 1978ರಲ್ಲಿ ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೂ, ಮುಂದೆ ಬೇರೆ ಜಿಲ್ಲೆಗಳಿಗೂ ಅದು ಹರಡಿತು. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಆ ಕೆಲಸದ ಸಂಪರ್ಕಕ್ಕೆ 1978ರಲ್ಲಿ ಬಂದ ಎಂಜಿನಿಯರ್ ಅರವಿಂದ ಗುಪ್ತಾ ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬುಗಳಿಂದ ಮಾದರಿ ಮಾಡುವುದನ್ನು ದೇಶದ ಮಕ್ಕಳಿಗೆ ಕಲಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕರ್ನಾಟಕದಲ್ಲಿ 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ಅದರ 'ಬಾಲವಿಜ್ಞಾನ' ಪತ್ರಿಕೆ ಕನ್ನಡದ ಮಕ್ಕಳಿಗೆ ಇದೇ ದಾರಿ ತೋರಿದವು.

ಒನಕೆ ನಿಂತ ದಿನ

ಇದೆಲ್ಲ ಯಾಕೆ ಮುಖ್ಯ ಎಂಬುದು ಗ್ರಹಣದ ದಿನ ಗೊತ್ತಾಗುತ್ತದೆ. ಗ್ರಹಣದ ಹೊತ್ತಿಗೆ ತಟ್ಟೆಯ ನೀರಿನಲ್ಲಿ ಒನಕೆ ತಾನಾಗಿ ನಿಲ್ಲುತ್ತದೆ ಎಂಬ ನಂಬಿಕೆ ನಮ್ಮ ಅನೇಕ ಊರುಗಳಲ್ಲಿದೆ. ನಿಲ್ಲಿಸಿ ತೋರಿಸುತ್ತಾರೆ ಕೂಡ. ಒನಕೆ ನಿಲ್ಲುವುದು ಸುಳ್ಳಲ್ಲ. ಇಲ್ಲಿ ಇಲ್ಲದಿರುವುದು ನಮ್ಮ ಆ ಖಾಲಿ ಬಟ್ಟಲು, ಅಂದರೆ ಹೋಲಿಕೆ. ಅದೇ ಒನಕೆಯನ್ನು ಅದೇ ತಟ್ಟೆಯಲ್ಲಿ ಗ್ರಹಣವಿಲ್ಲದ ಒಂದು ಮಂಗಳವಾರ ನಿಲ್ಲಿಸಿ ನೋಡಿದವರು ಎಷ್ಟು ಮಂದಿ? ತಾಳ್ಮೆಯಿಂದ ನಿಲ್ಲಿಸಿದರೆ ಅಂದೂ ನಿಲ್ಲುತ್ತದೆ. ಅದರ ಬುಡ ಚಪ್ಪಟೆ, ಭಾರದ ಕೇಂದ್ರ ಬುಡದ ನೇರಕ್ಕೆ ಬಂದರೆ ಸಾಕು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ನಮ್ಮ ಹಿರಿಯರೇ ಗಾದೆ ಕಟ್ಟಿದ್ದಾರೆ. ಪ್ರಯೋಗವೆಂದರೆ ಈ ಪ್ರಮಾಣಿಸಿ ನೋಡುವ ಕೆಲಸವೇ.

ಒನಕೆಯಿಂದ ಯಾರಿಗೂ ನಷ್ಟವಿಲ್ಲ ಎನ್ನಬಹುದು. ಆದರೆ 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಹೊತ್ತಿನಲ್ಲಿ ಕಲಬುರಗಿಯ ಬಳಿ ಅಂಗವೈಕಲ್ಯವಿದ್ದ ಮಕ್ಕಳನ್ನು ವಾಸಿಯಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಮಕ್ಕಳು ಅಳುತ್ತಿದ್ದರು. ಹಾಗೆ ಮಾಡಿದ ತಂದೆತಾಯಿ ಕೆಟ್ಟವರಲ್ಲ, ಮಗು ನಡೆಯಲಿ ಎಂಬ ಆಸೆಯಿದ್ದವರು. 'ಹೂಳದಿದ್ದರೆ ಏನಾಗುತ್ತಿತ್ತು? ಹಿಂದೆ ಹೂತ ಮಕ್ಕಳು ಏನಾದರು? ಯಾರಾದರೂ ಬರೆದಿಟ್ಟಿದ್ದಾರೆಯೇ?' ಎಂಬ ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ಮಾತ್ರ ಅವರಿಗೆ ಯಾವ ಶಾಲೆಯೂ ಕೊಟ್ಟಿರಲಿಲ್ಲ. ಆ ಅಭ್ಯಾಸ ಭಾಷಣದಿಂದ ಬರುವುದಿಲ್ಲ. ಸಣ್ಣ ವಯಸ್ಸಿನಲ್ಲಿ, ಸಣ್ಣ ಸಂಗತಿಗಳ ಮೇಲೆ, ಕೈಯಾರೆ ಮಾಡಿದಾಗ ಬರುತ್ತದೆ.

ಪ್ರಯೋಗ ನಮ್ಮ ಹಳೆಯ ಪದ್ಧತಿಗಳ ಶತ್ರುವಲ್ಲ. ಉಗುರುಬೆಚ್ಚಗಿನ ಹಾಲನ್ನು ಅದು ಸರಿಯೆಂದಿತು, ಮಡಕೆಯನ್ನು ಮೆಚ್ಚಿತು, ಕುಂಕುಮದ ಬಿಳಿಗಾರಕ್ಕೆ ತಲೆದೂಗಿತು. ಒನಕೆಯ ವಿಷಯದಲ್ಲಿ ಒಪ್ಪಲಿಲ್ಲ. ಎರಡೂ ಉತ್ತರ ಬಂದದ್ದು ಒಂದೇ ನಿಯಮದಿಂದ.

ಮಾಡಲು ಹೊರಡುವವರಿಗೆ ಎರಡು ಎಚ್ಚರಿಕೆ. ಒಲೆ ಮತ್ತು ಸುಣ್ಣದ ಹತ್ತಿರ ಮಕ್ಕಳ ಜೊತೆ ದೊಡ್ಡವರು ಇರಲಿ, ಸುಣ್ಣ ಕಣ್ಣಿಗೆ ಬೀಳಬಾರದು. ಉತ್ತರ ಮೊದಲೇ ಹೇಳಿಬಿಡುವ ಚಪಲವನ್ನು ದೊಡ್ಡವರು ತಡೆದುಕೊಳ್ಳಲಿ. ಬೇಕಾದದ್ದು ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು, ನಾಲ್ಕು ಬಟ್ಟಲು. ಹಾಲು ಇವತ್ತು ರಾತ್ರಿಯೂ ಕಾಯುತ್ತದೆ.